ಒಂದು ಎತ್ವ

ನಲವತ್ತೊಂದು ಉತ್ತರಪತ್ರಿಕೆ.
ನಲವತ್ತೊಂದರಲ್ಲೂ ಒಂದೇ ವಾಕ್ಯ:
‘ಶಾಖೆಯು ಹೆಚ್ಚು ತಾಪದ ವಸ್ತುವಿನಿಂದ
ಕಡಿಮೆ ತಾಪದ ವಸ್ತುವಿಗೆ ಪ್ರವಹಿಸುತ್ತದೆ.’

ಯಾವ ಶಾಖೆ? ಬ್ಯಾಂಕಿನದೋ, ಬೇವಿನದೋ?
ಪಿ.ಬಿ. ರಸ್ತೆಯಲ್ಲಿ ಅರವತ್ತು ರೂಪಾಯಿಗೆ ಸಿಗುವ
ಗೈಡಿನ ಹದಿನೇಳನೇ ಪುಟದಲ್ಲಿ
ಯಾವನೋ ನಿದ್ದೆಗಣ್ಣಲ್ಲಿ
ಶಾಖದ ತಲೆಗೊಂದು ಎತ್ವ ಸಿಕ್ಕಿಸಿದ್ದಾನೆ.
ಒಬ್ಬರಾದರೂ ಮುಟ್ಟಿ ನೋಡಿಲ್ಲ
ಆ ಮಾತು ಬಿಸಿಯಿದೆಯೋ ಇಲ್ಲವೋ ಎಂದು.

ಉಳಿದವರದು ಹಾಗಿರಲಿ, ಮುಬೀನಾಳದೂ.
ಹಾಳೆಯ ಮೂಲೆಗೆ ಹೆಬ್ಬೆರಳಿನ ಮಸಿ,
ಮಡಿಕೆಯಲ್ಲಿ ನಾಲ್ಕು ಕಾಳು ಮರಳು.
ಸೊನ್ನೆ ಸುತ್ತಲು ಹೊರಟ ನನ್ನ ಕೆಂಪು ಪೆನ್ನು
ಅರ್ಧ ಸುತ್ತಿನಲ್ಲೇ ನಿಂತಿತು.

ಶನಿವಾರ ಸಂಜೆ ಮಂಡಕ್ಕಿ ಭಟ್ಟಿಗೆ ಹೋದೆ,
ಬೈಯುವುದಕ್ಕೇ ಹೋದೆ, ಸುಳ್ಳೇಕೆ.
ಓಣಿಯ ತುಂಬ ಹೊಟ್ಟಿನ ಹೊಗೆ,
ದಾವಣಗೆರೆಯ ಬಿಸಿಲಿನ ಮೇಲೆ ಇನ್ನೊಂದು ಬಿಸಿಲು.
ದಾದಾಪೀರ್ ಮರಳು ಕಲಕುತ್ತಿದ್ದ,
ಮಗಳು ಜರಡಿ ಹಿಡಿದಿದ್ದಳು.
ಕೈ ಅಲ್ಲಾಡಿದ ಲಯಕ್ಕೇ ತುಟಿಯೂ:
ಶಾಖೆಯು ಹೆಚ್ಚು ತಾಪದ, ಶಾಖೆಯು ಹೆಚ್ಚು ತಾಪದ.

‘ಮರಳು ಯಾಕೆ ಬೇಕು ಮುಬೀನಾ?’ ಎಂದೆ.
ನಕ್ಕಳು, ಇದೂ ಒಂದು ಪ್ರಶ್ನೆಯೇ ಎಂಬಂತೆ.
‘ಬೆಂಕಿ ಸೀದಾ ಕೊಟ್ರೆ ಅಕ್ಕಿ ಸೀದು ಹೊಕ್ಕತಿ ಮೇಡಂ.
ಮರಳು ಇಸ್ಕೊಂಡು ಎಲ್ಲಾ ಕಾಳಿಗೂ ಸಮ ಹಂಚತತಿ.
ಒಳಗಿನ ನೀರಿಗೆ ತಡೆಯಾಕ ಆಗಲ್ಲ, ಹೊರಗ ನುಗ್ಗತತಿ,
ಅಕ್ಕಿ ಬಾಯಿ ಬಿಡತತಿ.’

‘ಇದನ್ನೇ ಬರೆಯಬಹುದಿತ್ತಲ್ಲ!’
‘ಇದು ಪಾಠದಾಗ ಇಲ್ಲಲ್ಲ ಮೇಡಂ.’

ನಾನು ದಾದಾಪೀರನ ಕಡೆ ತಿರುಗಿದೆ.
ಬಾಯಿಪಾಠದ ಮೇಲೆ ಭಾಷಣ ಸಿದ್ಧವಿತ್ತು,
ತರಬೇತಿಯಲ್ಲಿ ಕಲಿತದ್ದು, ನನಗೂ ಬಾಯಿಪಾಠವೇ.
ಅವನು ಕೇಳಿದ, ಮರಳು ಮಾತ್ರ ನಿಲ್ಲಿಸಲಿಲ್ಲ.
‘ಭತ್ತ ರಾತ್ರಿಯೆಲ್ಲಾ ನೆನೀಬೇಕ್ರಿ.
ನೆನೀದಿದ್ರೆ ಅರಳಂಗಿಲ್ಲ.
ಬರೇ ನೆನಿಯಾಕ ಬಿಟ್ಟು ಮರೆತ್ರೆ
ಮುಗ್ಗು ಹಿಡಿತತಿ.’
ಅಷ್ಟೇ ಅಂದ. ಭತ್ತದ ಬಗ್ಗೆಯೇ ಅಂದದ್ದು.

ಒಂದು ಸೇರು ಮಂಡಕ್ಕಿ ಕಟ್ಟಿಕೊಟ್ಟರು, ದುಡ್ಡು ಬೇಡವೆಂದರು.
ಆಟೋದಲ್ಲಿ ಮಡಿಲ ತುಂಬ ಬೆಚ್ಚಗೆ ಅದು,
ತಲೆಯಲ್ಲಿ ಅಪ್ಪ.
ದಲಾಲಿ ಅಂಗಡಿಯ ಗುಮಾಸ್ತ, ಕಿವಿ ಹಿಂಡಿ ಹೇಳಿಸಿದ್ದ:
ಮುಕ್ಕಾಲು ಏಳಲೆ ಐದೂಕಾಲು.
ಆರು ವರ್ಷದವಳಿಗೆ ಮುಕ್ಕಾಲು ಎಂದರೆ
ಕಾಲಿಗೆ ಏನೋ ಆಗಿರುವ ಒಬ್ಬ ಮನುಷ್ಯ.
ಅವನು ಕುಂಟುತ್ತ ಏಳರ ತನಕ ಹೋಗುತ್ತಾನೆ,
ಐದೂಕಾಲು ಎನ್ನುವಲ್ಲಿ ಕೂರುತ್ತಾನೆ.

ಮೂವತ್ತು ವರ್ಷ ಕೂತೇ ಇದ್ದ.
ತಂಗಿಯ ಮದುವೆ ಜವಳಿಗೆ ಏಳು ಕುಪ್ಪಸದ ಬಟ್ಟೆ,
ಒಂದಕ್ಕೆ ಮುಕ್ಕಾಲು ಮೀಟರು.
ಅಂಗಡಿಯವನ ಬೆರಳು ಕ್ಯಾಲ್ಕುಲೇಟರು ಮುಟ್ಟುವ ಮೊದಲೇ
ನನ್ನ ಬಾಯಿ ಐದೂಕಾಲು ಎಂದಿತು.
ಬುದ್ಧಿ ಆಮೇಲೆ ಬಂತು,
ತಡವಾಗಿ ಬಂದ ಸಾಕ್ಷಿಯ ಹಾಗೆ ಸಹಿ ಹಾಕಿತು.
ಅಲ್ಲೇ, ಸೀರೆಗಳ ನಡುವೆ, ಎದ್ದು ನಡೆದ ಆ ಕುಂಟ.
ಕಿವಿ ಹಿಂಡಿದ್ದನ್ನು ಮಾತ್ರ ನಾನಿನ್ನೂ ಕ್ಷಮಿಸಿಲ್ಲ.

ರಾತ್ರಿ ಒಗ್ಗರಣೆ ಹಾಕಿ ಮಂಡಕ್ಕಿ ತಿನ್ನುತ್ತ
ನಲವತ್ತೊಂದು ಎತ್ವ ಹೊಡೆದುಹಾಕಿದೆ.
ಎಷ್ಟು ಅಂಕ ಕೊಟ್ಟೆ ಎಂದು ಹೇಳಲಾರೆ,
ಹೆಡ್‌ಮಾಸ್ಟರಿಗೂ ಹೇಳಿಲ್ಲ.

ಸೋಮವಾರ, ಎರಡನೇ ಪೀರಿಯಡ್.
‘ಪುಸ್ತಕ ಮುಚ್ಚಿ, ಭಟ್ಟಿಯ ಮರಳಿನಿಂದ ಶುರು ಮಾಡೋಣ’
ಎಂದು ಹಲಗೆಗೆ ತಿರುಗಿ
ದೊಡ್ಡದಾಗಿ ಬರೆದೆ.
ಹಿಂದೆ ಪಿಸುಪಿಸು.
ಮೂರನೇ ಬೆಂಚಿನಿಂದ ಮಸಿ ಹತ್ತಿದ ಕೈಯೊಂದು ಎದ್ದಿತು.

‘ಮೇಡಂ,
ಎತ್ವ ಜಾಸ್ತಿ ಆಗೇತಿ.’