ಹತ್ತೊಂಬತ್ತು ಒಂದುಗಳು

ಕಯಾನಿಯ ಮರದ ಕಾರ್ಖಾನೆಯಲ್ಲಿ ಲೆಕ್ಕದವಳು ಹಿಲ್ಯಾ ತುವೊಕ್ಕೊ.
ಹೊಳೆಯಲ್ಲಿ ತೇಲಿ ಬಂದ ದಿಮ್ಮಿಗೊಂದು ಗೀಟು.
ಅವರ ಒಂದು
ನಮ್ಮದರ ಹಾಗೆ ಸುರುಳಿ ಸುತ್ತಿಕೊಂಡು ಕೂರುವುದಿಲ್ಲ;
ಹಿಮದಲ್ಲಿ ನಿಂತ ಬರ್ಚ್ ಮರ,
ನೆಟ್ಟಗೆ, ಬೆಳ್ಳಗೆ, ಮೈಮೇಲೆ ಕಪ್ಪು ತರಚು.

ನವೆಂಬರಿನಲ್ಲಿ ಹೊಳೆ ಹೆಪ್ಪುಗಟ್ಟಿತು.
ದಿಮ್ಮಿಯಿಲ್ಲ, ಗೀಟಿಲ್ಲ, ಮೂರು ಗಂಟೆಗೇ ಕತ್ತಲೆ.
ಕೈ ಸುಮ್ಮನಿರಲಾರದೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ
ಸಾಲಾಗಿ ಹದಿನೇಳು ಗೀಟೆಳೆದಳು.
ಇವೆಲ್ಲ ಸೇರಿ ಒಂದೇ ಸಂಖ್ಯೆ ಎಂದುಕೊಂಡರೆ?
ನೂರಹನ್ನೊಂದು ಕೋಟಿ ಕೋಟಿ, ಮೇಲೆ ಚಿಲ್ಲರೆ.
ಯಾವ ಕೊಡಲಿಗೆ ಸೀಳುತ್ತದೆ ಇದು?

ಮೂರಕ್ಕೆ ಇಲ್ಲ. ಏಳಕ್ಕೆ ಇಲ್ಲ. ಹದಿಮೂರು ತಾಗಿ ಜಾರಿತು.
ಮೊದಲ ಚಳಿಗಾಲ ಕಳೆಯುವಷ್ಟರಲ್ಲಿ ಗುಟ್ಟು ಹಿಡಿದಿದ್ದಳು:
ಮೂವತ್ತನಾಲ್ಕರ ಮಗ್ಗಿ ಹೇಳುತ್ತ ಹೋಗು,
ಪ್ರತಿ ಮೆಟ್ಟಿಲಲ್ಲೂ ಒಂದು ಕೂಡು,
ಅಲ್ಲಲ್ಲದೆ ಬೇರೆಲ್ಲೂ ಅಡಗಿರಲಾರದು.

ನಾಲ್ಕನೆಯ ಚಳಿಗಾಲ, ಒಲೆಯ ಮೇಲೆ ಕಾಫಿ ಉಕ್ಕಿ ಹೋದ ರಾತ್ರಿ,
ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ಮೂರು
ಒಳಗೆ ಹೋಯಿತು.
ನಿಶ್ಶೇಷ.
ಬೆಳಿಗ್ಗೆ ಗರಗಸದ ತಾವೆತ್ತಿಗೆ ಹೇಳಿದಳು: ಸೀಳಿತು.
ಅವನು ಕಿವಿಯ ಹತ್ತಿ ತೆಗೆದು ಕೇಳಿದ: ಎಷ್ಟು ತುಂಡು?
ಎರಡು.
ಹಾಗಾದರೆ ಚಿಕ್ಕ ಮರ, ಅಂದ.

ಹದಿನೆಂಟು ಒಂದುಗಳನ್ನು ಅವಳು ಮುಟ್ಟಲೇ ಇಲ್ಲ.
ಅದು ಯಾರು ಬೇಡಿದರೂ ಕೊಡುವ ಮನೆ,
ಮೂರಕ್ಕೂ ಏಳಕ್ಕೂ ಹನ್ನೊಂದಕ್ಕೂ ಮೂವತ್ತೇಳಕ್ಕೂ
ಬಾಗಿಲು ತೆರೆದೇ ಇರುತ್ತದೆ.

ಹತ್ತೊಂಬತ್ತು.

ಈಗ ಮೂವತ್ತೆಂಟರ ಮೆಟ್ಟಿಲು. ಕೋಟಿಗಟ್ಟಲೆ ಮೆಟ್ಟಿಲು.
ಪೆನ್ಸಿಲ್ ಸವೆದು ಬೆರಳಾಯಿತು, ಬೆರಳು ಸವೆದು
ಏನಾಯಿತೋ. ಕನ್ನಡಕ ಎರಡು ಸಲ ಬದಲಾಯಿತು.
ಸಾಲದ ಶೇಷ, ಬೆಂಕಿಯ ಶೇಷ ಉಳಿಸಬಾರದು ಅನ್ನುತ್ತಾರೆ ನಮ್ಮ ಕಡೆ.
ಅವಳ ಪುಟಗಳ ತುಂಬ ಶೇಷವೇ,
ಪ್ರತಿ ಭಾಗಾಕಾರದ ಕೆಳಗೂ ಒಂದಿಷ್ಟು ಬೂದಿ ಬೆಚ್ಚಗೆ.

ಎಲ್ಲೋ ದೂರದ ಊರಿನಲ್ಲಿ ಯಾರೋ ಸಾಧಿಸಿಯಾಗಿತ್ತು ಆಗಲೇ:
ಆ ಹತ್ತೊಂಬತ್ತು ಸೀಳುವುದಿಲ್ಲ.
ತನ್ನಿಂದ ಹೊರತು, ಒಂದರಿಂದ ಹೊರತು, ಯಾವುದರಿಂದಲೂ.
ಕಯಾನಿಗೆ ಆ ಸುದ್ದಿ ತರುವ ರೈಲು ಇರಲಿಲ್ಲ.
ಬಂದಿದ್ದರೆ ಅಳುತ್ತಿದ್ದಳೋ ನಗುತ್ತಿದ್ದಳೋ
ನನಗೆ ತಿಳಿಯದು.
ಇಷ್ಟು ಮಾತ್ರ ಬಲ್ಲೆ: ಅವಳು ಇಲ್ಲ ಎಂದು ಬರೆದ ಸಾವಿರ ಸಾವಿರ ಸಾಲುಗಳಲ್ಲಿ
ಒಂದೂ ಸುಳ್ಳಿರಲಿಲ್ಲ.
ಹುಡುಕಿ ಸಿಗದೆ ಹೋದದ್ದು ಸೋಲು ಎನ್ನುವವರು
ಆ ಸಾಲುಗಳನ್ನು ಓದಲಿ.

ಏಪ್ರಿಲ್ ಕೊನೆಗೆ, ಬಂದೂಕು ಸಿಡಿದ ಹಾಗೆ
ಹೊಳೆಯ ಮಂಜು ಬಿರಿಯಿತು.
ತಾವೆತ್ತಿ ಕೂಗಿದ: ಬಂತು!
ಒಂದು ಶೇಷವನ್ನು ಅರ್ಧಕ್ಕೇ ಬಿಟ್ಟು
ಪುಸ್ತಕವನ್ನು ಮುಂದಿನಿಂದ ತೆರೆದು
ಹಿಲ್ಯಾ ಗೀಟೆಳೆದಳು.