ಇಪ್ಪತ್ತೆಂಟು

ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು, ಸರಿ.
ಇದು ದಾನದ್ದಲ್ಲ.
ನಾಲ್ಕು ಲಕ್ಷದ ಎಂಬತ್ತು ಸಾವಿರ, ಅದರಲ್ಲಿ ಎರಡು ಸೊಸೈಟಿ ಸಾಲ.
ಮಂಗಳೂರಿನ ಕಣ್ಣಿನ ಡಾಕ್ಟರೊಬ್ಬರು ಒಂಬತ್ತು ವರ್ಷ ಓಡಿಸಿದ ಹೈಬ್ರಿಡ್.
ದುರ್ಗಿಗುಡಿಯಲ್ಲಿ ಕೂತು ಕಟ್ಟುಹಲ್ಲು ಮಾಡಿ ಬದುಕುವ ನಾನೇ
ಬಾಯಿ ತೆಗೆಸಿ ನೋಡದೆ ಸಹಿ ಹಾಕಿದೆ.

ಮೊದಲ ದಿನ ಗುಂಡಿ ಒತ್ತಿದರೆ ಸದ್ದೇ ಇಲ್ಲ.
ಕೆಟ್ಟಿದೆ ಅಂದುಕೊಂಡು ಮೂರು ಸಲ ಒತ್ತಿದೆ.
ಆಮೇಲೆ ಅದು ತೆಪ್ಪಗೆ ಹಿಂದಕ್ಕೆ ಸರಿದು
ಎದುರುಮನೆ ಗೋದಾಬಾಯಿಯವರ ರಂಗೋಲಿ ಮೇಲೆ ನಿಂತಿತು.
"ಕಳ್ಳಬೆಕ್ಕು ತಂದ್ಯಲ್ಲೇ" ಅಂದರು ಅವರು.

ಆದರೂ ಆಗುಂಬೆ ಘಾಟಿ ಇಳಿಯುವಾಗ ನೋಡಬೇಕು.
ಬ್ರೇಕು ಒತ್ತಿದಷ್ಟೂ ಕರೆಂಟು ತುಂಬುತ್ತದೆ,
ಪರದೆಯ ಮೇಲೆ ಹಸಿರು ಗೆರೆ ಒಂದೊಂದಾಗಿ ಏರುತ್ತವೆ.
ತಡೆದದ್ದನ್ನೆಲ್ಲ ಕೂಡಿಡುತ್ತದೆ, ನಮ್ಮ ಸಣ್ಣತ್ತೆಯ ಹಾಗೆ.
ಆ ತಿರುವುಗಳಲ್ಲಿ ನಾನೊಬ್ಬಳೇ ನಕ್ಕಿದ್ದೇನೆ,
ಯಾರೂ ಇಲ್ಲದ ಗಾಡಿಯಲ್ಲಿ, ಜೋರಾಗಿ.

ಏಳನೇ ತಿಂಗಳು. ಮಂಡಗದ್ದೆ ದಾಟಿತ್ತು.
ಹಿಂದಿನ ಸೀಟಲ್ಲಿ ತೀರ್ಥಹಳ್ಳಿಯ ಆರು ಬಾಯಿಗಳು
ಡಬ್ಬಿಯೊಳಗೆ ಕಚ್ಚಿಕೊಂಡು ಕೂತಿದ್ದವು.
ಕೆಂಪು ತ್ರಿಕೋನ ಹತ್ತಿತು.
ಅದರ ಅರ್ಥ ಪುಸ್ತಕದಲ್ಲಿತ್ತು,
ಪುಸ್ತಕ ಮಂಗಳೂರಲ್ಲಿತ್ತು.

ಶೋರೂಮಿನಲ್ಲಿ ವೈರು ಚುಚ್ಚಿ ನೋಡಿದ್ದಕ್ಕೆ ಎರಡು ಸಾವಿರದ ಇನ್ನೂರು.
ಟೈ ಕಟ್ಟಿದ ಹುಡುಗ ಒಂದು ಲೋಟ ನೀರು ಕೊಟ್ಟು ಹೇಳಿದ:
"ಬಿಡಿಬಿಡಿಯಾಗಿ ರಿಪೇರಿ ಬೇಡ ಮೇಡಂ,
ಪೂರ್ತಿ ಬ್ಯಾಟರಿನೇ ಹಾಕಿಸಿಬಿಡಿ. ಎರಡು ಲಕ್ಷ ಎಪ್ಪತ್ತು."
ಥೇಟ್ ನನ್ನದೇ ಧಾಟಿ.
ಎಷ್ಟು ಡಾಕ್ಟರಿಗೆ ಫೋನಲ್ಲಿ ಹೀಗೇ ಹೇಳಿಲ್ಲ ನಾನು:
ಒಂದೊಂದು ಹಲ್ಲಿಗೆ ಒದ್ದಾಡಬೇಡಿ ಸಾರ್,
ಇರೋ ನಾಲ್ಕನ್ನೂ ಕಿತ್ತು ಪೂರ್ತಿ ಸೆಟ್ಟೇ ಬರೆದುಬಿಡಿ.

ಸಾಗರ ರಸ್ತೆಯ ಗ್ಯಾರೇಜಿನಲ್ಲಿ ಜಬೀವುಲ್ಲಾ
ರಬ್ಬರ್ ಗ್ಲೌಸು ಹಾಕಿಕೊಂಡು ಹಿಂದಿನ ಸೀಟು ಎತ್ತಿದ.
ಪೆಟ್ಟಿಗೆಯೊಳಗೆ ಸಾಲಾಗಿ ಇಪ್ಪತ್ತೆಂಟು.
ಬೆರಳು ಮಡಚಿ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ.
ನಾನು ಕಟ್ಟುವ ಸೆಟ್ಟಿಗೂ ಅಷ್ಟೇ, ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು.
ಮೀಟರಿನ ಮೊನೆ ಒಂದೊಂದನ್ನೇ ಮುಟ್ಟುತ್ತ ಹೋಯಿತು:
ಏಳೂ ಮುಕ್ಕಾಲು, ಏಳೂ ಮುಕ್ಕಾಲು, ಏಳೂ ಮುಕ್ಕಾಲು,
ಹದಿನೇಳನೆಯದು ಆರು.
"ಹುಳುಕು" ಅಂದೆ ನಾನು.
ಅವನು ತಲೆ ಎತ್ತಿ ನೋಡಿದ.

ಹುಬ್ಬಳ್ಳಿಯಲ್ಲಿ ಗುದ್ದಿ ನಜ್ಜಾದ ಗಾಡಿಯೊಂದರಿಂದ ತೆಗೆದದ್ದಿದೆ,
ನಾಲ್ಕೂವರೆ ಸಾವಿರ, ಕೂಲಿ ಬೇರೆ.
ಗ್ಯಾರಂಟಿ?
"ಇದಕ್ಕೆ ಕೊಡ್ತೀನಿ ಮೇಡಂ. ಪಕ್ಕದ್ದಕ್ಕೆ ಕೊಡಲ್ಲ."

ಈ ಊರಲ್ಲಿ ಇಷ್ಟು ನೆಟ್ಟಗಿನ ಮಾತು ನನಗೆ ಯಾರೂ ಆಡಿರಲಿಲ್ಲ.

ಆಮೇಲೆ ಸೀಟಿನ ಪಕ್ಕದ ಸಣ್ಣ ಫ್ಯಾನು ಬಿಚ್ಚಿದ.
ಬ್ಯಾಟರಿಗೆ ತಂಪುಗಾಳಿ ಕೊಡಬೇಕಾದದ್ದು,
ರೆಕ್ಕೆ ರೆಕ್ಕೆಗೂ ಬಿಳಿ ಮೆತ್ತಿ ಗಟ್ಟಿಯಾಗಿತ್ತು.
"ಉಸಿರೇ ಇಲ್ಲ ಇದಕ್ಕೆ. ಹಿಟ್ಟಿನ ಗಿರಣಿನಾ ನಿಮ್ದು?"
ಬೆರಳಿಗೆ ತಗೊಂಡು ಉಜ್ಜಿದೆ.
ಕತ್ತಲಲ್ಲೂ ಗುರುತು ಹಿಡಿಯುತ್ತೇನೆ ಅದನ್ನು.
ನನ್ನ ಪ್ಲಾಸ್ಟರು.
ಏಳು ತಿಂಗಳು ಆ ಸೀಟಿನ ಮೇಲೆ ಹೊತ್ತು ತಂದ ಅಚ್ಚುಗಳ ಪುಡಿ.
ಮೂರು ದಿನದಿಂದ ಕಣ್ಣಿನ ಡಾಕ್ಟರಿಗೆ ನಾನು ಬೈದದ್ದನ್ನೆಲ್ಲ
ಎಲ್ಲಿಗೆ ವಾಪಸು ಕಳಿಸುವುದು?
"ಹೌದು, ಗಿರಣಿ" ಅಂದುಬಿಟ್ಟೆ.

ಡೈರಿಯಲ್ಲಿ ಲೆಕ್ಕ ಬರೆದಿದ್ದೇನೆ:
ಉಳಿದ ಪೆಟ್ರೋಲು ಒಂದು ಕಡೆ, ಕೊಟ್ಟ ದುಡ್ಡು ಒಂದು ಕಡೆ,
ಸದ್ಯಕ್ಕೆ ಎಂಟು ನೂರು ರೂಪಾಯಿ ನನ್ನ ಕಡೆಗಿದೆ.
ಡಬ್ಬಿಗಳು ಈಗ ಮುಂದಿನ ಸೀಟಲ್ಲಿ, ಬೆಲ್ಟು ಹಾಕಿಸಿಕೊಂಡು,
ಒದ್ದೆ ಬಟ್ಟೆ ಹೊದ್ದು ಬರುತ್ತವೆ.

ಮೊನ್ನೆ ಮತ್ತೆ ಆಗುಂಬೆ ಇಳಿದೆ.
ಹಸಿರು ಗೆರೆಗಳು ಏರಿದವು, ಮೊದಲಿನ ಹಾಗೇ.
ನಗಲು ಬಾಯಿ ತೆರೆದರೆ
ನಾಲಿಗೆ ಮಾತ್ರ ತನ್ನಷ್ಟಕ್ಕೆ ಒಳಗೆಲ್ಲೋ
ಹದಿನಾರನೆಯದನ್ನು, ಹದಿನೆಂಟನೆಯದನ್ನು
ಅಲ್ಲಾಡಿಸಿ ನೋಡುತ್ತಿತ್ತು.