ನಾಲ್ಕು ಸೊನ್ನೆ

ಮೂವತ್ತೈದಕ್ಕೆ ಬಂದು ನಿಂತಿತು.
ನಿನ್ನೆಯೂ ಮೂವತ್ತೈದೇ, ಮೊನ್ನೆಯೂ.
ಆಮೇಲೆ ನೀಲಿ ಪರದೆಯಲ್ಲಿ ಅದೇ ವಿನಯ:
ಅಪ್‌ಡೇಟ್ ಆಗಲಿಲ್ಲ, ಹಿಂದಕ್ಕೆ ಹೋಗುತ್ತಿದ್ದೇವೆ,
ದಯವಿಟ್ಟು ಯಂತ್ರ ಆರಿಸಬೇಡಿ.

ಹಿಂದಕ್ಕೆ ಅಂದರೆ ಎಲ್ಲಿಗೆ?
ಹೊರಗೆ ಜಲಂಧರಿನ ಬಿತ್ತನೆ ಆಲೂಗಡ್ಡೆ,
ಹನ್ನೊಂದು ಲಾರಿ, ಬಾಲ ಬಿ.ಎಂ. ರಸ್ತೆಗೆ ತಾಗಿದೆ.
ಮೂಟೆಯ ಕತ್ತಲಲ್ಲೇ ಕಣ್ಣು ಬಿಡುತ್ತಿವೆ ಗಡ್ಡೆ,
ಅವಕ್ಕೆ ಯಾರ ಅಪ್ಪಣೆಯೂ ಬೇಡ.
"ಏನವ್ವಾ, ಇನ್ನೂ ಆಗ್ನಿಲ್ವಾ ನಿನ್ ಕಾಟ?"
ಹಮಾಲಿ ಜವರ ಕಿಟಕಿಗೆ ಮೂಗು ಒತ್ತಿ ಕೇಳುತ್ತಾನೆ.
ಕಾಟ ಸರಿಯಾಗೇ ಇದೆಯಪ್ಪ, ತೂಗುತ್ತದೆ,
ಹೇಳುವುದಕ್ಕೆ ಬಾಯಿಲ್ಲ ಅಷ್ಟೆ.

ಪೆನ್ಷನ್ ಮೊಹಲ್ಲಾದಿಂದ ಸನಾವುಲ್ಲಾ ಬಂದ,
ಸ್ಕ್ರೂಡ್ರೈವರು ಕಿವಿಗೆ, ಬಡಗಿಯ ಪೆನ್ಸಿಲಿನಂತೆ.
ಆಂಟಿವೈರಸ್ಸನ್ನು ಒಂದು ಗಂಟೆ ಮಲಗಿಸಿದ.
ಕರೆಂಟು ಹೋದಾಗಲೆಲ್ಲ ಯಂತ್ರ
ಎರಡು ಸಾವಿರದ ಒಂಬತ್ತಕ್ಕೆ ಓಡಿಹೋಗುತ್ತಿತ್ತು;
ರೂಪಾಯಿ ಬಿಲ್ಲೆಯಷ್ಟು ಸೆಲ್ಲು ಒತ್ತಿ ಈ ವರ್ಷಕ್ಕೆ ಕರೆತಂದ.
ಅರೆಬರೆ ಇಳಿದು ಬಿದ್ದಿದ್ದನ್ನೆಲ್ಲ ಗುಡಿಸಿದ.
ಮತ್ತೆ ಮೂವತ್ತೈದು.
ಕೆಳಗೊಂದು ಸಂಖ್ಯೆ, ಬೆರಳಿಟ್ಟು ಓದಿದ:
ಸೊನ್ನೆ, ಎಕ್ಸ್, ಎಂಟು, ಸೊನ್ನೆ, ಸೊನ್ನೆ, ಏಳು,
ಸೊನ್ನೆ, ಸೊನ್ನೆ, ಏಳು, ಸೊನ್ನೆ.
"ಅಂದ್ರೇನಣ್ಣ?"
"ಜಾಗ ಇಲ್ಲ ಮೇಡಂ.
ಒಳಗೆಲ್ಲಾ ಹಳೇದು, ಹೊಸದು ಬಾಗ್ಲಲ್ಲೇ ನಿಂತದೆ."

ಹೊಟ್ಟೆ ಬಗೆದರೆ ಹನ್ನೆರಡು ವರ್ಷದ ತೂಕದ ಚೀಟಿ,
ಒಂದೊಂದಕ್ಕೂ ಕ್ಯಾಮೆರಾದ ಎರಡೆರಡು ಫೋಟೊ.
ಮುಸುಕಿನ ಜೋಳ, ಶುಂಠಿ, ಗುಜರಿ ಕಬ್ಬಿಣ,
ಒಮ್ಮೆ ಅರಣ್ಯದವರ ಲಾರಿಯಲ್ಲಿ ಕಾಲು ಕಟ್ಟಿಸಿಕೊಂಡ ಆನೆ.
"ಯಾವ್ದು ತೆಗೀಲಿ?"
ವಾಹನ ಸಂಖ್ಯೆಯ ಪ್ರಕಾರ ಸಾಲಾಗಿ ನಿಲ್ಲಿಸಿದ.
ಎಲ್ಲಕ್ಕಿಂತ ಮೇಲೆ ಬಂದು ನಿಂತದ್ದು
ನಾಲ್ಕು ಸೊನ್ನೆ.

ಸಣ್ಣೀರಪ್ಪನವರು.
ಕಾಟದ ಯಜಮಾನರು. ಮೊದಲ ಲಾರಿಗೆ ಮುಂಚೆ
ಚಪ್ಪಲಿ ಬಿಟ್ಟು, ಅರವತ್ತಡಿ ಕಬ್ಬಿಣದ ಹಾಸಿನ ನಟ್ಟನಡುವೆ
ಒಬ್ಬರೇ ನಿಂತು ಕೂಗುವರು: "ಒತ್ತವ್ವಾ!
ಕಾಟಕ್ಕೆ ನಮ್ ಪರಿಚಯ ಇರ್ಬೇಕು."
ಹತ್ತು ಹತ್ತಾಗಿ ಎಣಿಸುವ ಕಾಟ ನಮ್ಮದು,
ಮನುಷ್ಯರಿಗೆಂದು ಮಾಡಿದ್ದಲ್ಲ.

ಎಪ್ಪತ್ತು. ಎಪ್ಪತ್ತು. ಎಪ್ಪತ್ತು.
ಆರು ವರ್ಷ ಬರೀ ಎಪ್ಪತ್ತು.
ಒಂದು ಶ್ರಾವಣದಲ್ಲಿ ಅರವತ್ತು.
ಮತ್ತೆ ಒಂದೇ ದಿನ ಎಪ್ಪತ್ತು, ಜೇಬಲ್ಲೇನಿತ್ತೋ ಅವತ್ತು.
ಅರವತ್ತು. ದೀಪಾವಳಿಗೆ ಐವತ್ತು.
ಯುಗಾದಿ ಕಳೆದ ಸೋಮವಾರ ನಲವತ್ತು,
ಫೋಟೊದಲ್ಲಿ ಅಂಗಿಯೊಂದೇ ನಿಂತಂತಿದೆ.
ಮಂಗಳವಾರದಿಂದ ಮೊದಲ ಚೀಟಿ ಲಾರಿಯದು.

ಅಷ್ಟನ್ನೂ ಒತ್ತಿದ್ದು ನಾನೇ.
ಪ್ರತಿ ಚೀಟಿಯ ಕೆಳಗೂ ಅಚ್ಚಾಗಿದೆ:
ತೂಗಿದವರು, ವಿ. ಕಮಲಾಕ್ಷಿ.
ಅವರ ಮನೆಯವರ ಕೈ ಹಿಡಿದು
"ನಂಗೊಂಚೂರೂ ಗೊತ್ತಾಗ್ಲಿಲ್ಲ" ಅಂದಿದ್ದೆ ಆಸ್ಪತ್ರೆಯಲ್ಲಿ.
ಸುಳ್ಳು ಹೇಳಿರಲಿಲ್ಲ.

ಶುಂಠಿ ತೆಗೀರಿ ಅಂದೆ. ಜೋಳ ತೆಗೀರಿ. ಆನೇನೂ.
ಸೊನ್ನೆ ಇರಲಿ.
ಸನಾವುಲ್ಲಾ ತಲೆ ಎತ್ತಿ ನೋಡಿದ,
ಕೇಳಲಿಲ್ಲ.

ಮೂವತ್ತೈದು. ಮೂವತ್ತೈದು.
ಚಹಾ ಬಂತು, ಕೆನೆ ಕಟ್ಟಿತು.
ಮೂವತ್ತಾರು.
ಕಿಟಕಿಯಾಚೆ ಜವರ ಸಿಳ್ಳೆ ಹಾಕಿದ.

ಹೊಸದಕ್ಕೆ ಶಿಸ್ತು ಜಾಸ್ತಿ.
ಸುಮ್ಮನೆ ನಾಲ್ಕು ಸೊನ್ನೆ ಒತ್ತಿ ನೋಡಿದೆ,
ಇಂಥ ವಾಹನ ಇಲ್ಲ ಎಂದಿತು, ಕೆಂಪಕ್ಷರದಲ್ಲಿ.

ಮೊದಲ ಲಾರಿ ಹತ್ತಿತು. ಡ್ರೈವರು ಇಳಿದು ಚೀಟಿಗೆ ಬಂದ.
ಇಪ್ಪತ್ತೊಂಬತ್ತು ಸಾವಿರದ ಮುನ್ನೂರ ಎಂಬತ್ತು.
ಕ್ಯಾಮೆರಾದಲ್ಲಿ ನೋಡಿದರೆ ಟಾರ್ಪಾಲಿನ ಮೇಲೆ
ಕ್ಲೀನರ್ ಹುಡುಗ, ನಾಲ್ಕು ದಿನದ ದಾರಿಯ ನಿದ್ದೆ.
ಇಳಿಯಪ್ಪಾ ಎಂದು ಕೂಗಿದೆ. ಭಾಷೆ ತಿಳಿಯದೆ, ಕೈಸನ್ನೆ ನೋಡಿ ಇಳಿದ,
ಕಣ್ಣುಜ್ಜುತ್ತಾ ಹಾಸಿನಾಚೆ ಹೋಗಿ ನಿಂತ.
ಪರದೆಯ ಮೇಲೆ ಐವತ್ತು ಕಡಿಮೆಯಾಯಿತು.
ಅವನ ಮುಖ ನೋಡಿ,
ಆಮೇಲೆ ಒತ್ತಿದೆ.